ಗದಗ ಜಿಲ್ಲೆಯ ಯುದ್ಧದ ತಾಣಗಳನ್ನು ನೋಡಲು ಕಾರು ಬೇಕೇ ಬೇಕೇ? ಟೂರ್‌ಗೆ ದುಡ್ಡು ಕಟ್ಟುವ ಮುನ್ನ ಓದಿ

‘1857ರ ವೀರರ ನಾಡು ಗದಗ. ಮುಂಡರಗಿ, ಡಂಬಳ, ನರಗುಂದ, ಕೊಪ್ಪಳ, ಎಲ್ಲವೂ ಒಂದೇ ದಿನದಲ್ಲಿ. ಸ್ವಂತ ಗಾಡಿ ಇಲ್ಲದವರಿಗೆ ಬೇರೆ ದಾರಿಯೇ ಇಲ್ಲ. ಇಂದೇ ಬುಕ್ ಮಾಡಿ, ಹತ್ತು ಗ್ರೂಪಿಗೆ ಕಳಿಸಿ.’ ಈ ಬಗೆಯ ಒಕ್ಕಣೆಯ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಕೆಳಗೆ ಒಂದು ಮೊಬೈಲ್ ನಂಬರ್, ಒಂದು ಕ್ಯೂಆರ್ ಕೋಡ್, ಮೇಲೆ ಕುದುರೆ ಏರಿದ ಯಾವುದೋ ವೀರನ ಚಿತ್ರ.

ಇದರಲ್ಲಿ ಎರಡು ಮಾತುಗಳನ್ನು ಪರೀಕ್ಷಿಸಬೇಕು. ಗಾಡಿ ಇಲ್ಲದೆ ಆಗುವುದೇ ಇಲ್ಲ ಎಂಬುದು ಸುಳ್ಳು. ಈ ಊರುಗಳಿಗೆಲ್ಲ ಬಸ್ ಇದೆ, ಕೊಪ್ಪಳಕ್ಕೆ ರೈಲೂ ಇದೆ. ಎಲ್ಲವೂ ಒಂದೇ ದಿನದಲ್ಲಿ ಎಂಬುದು ಅರ್ಧ ಸುಳ್ಳು. ಮುಟ್ಟಿ ಬರಬಹುದು, ನೋಡಿ ಬರಲು ಆಗದು. ಲೆಕ್ಕ ಸರಳ. ಗದಗಿನಿಂದ ಡಂಬಳ, ಮುಂಡರಗಿ, ಕೊಪ್ಪಳ ಸುತ್ತಿ, ಮತ್ತೆ ನರಗುಂದಕ್ಕೆ ಹೋಗಿ ಗದಗಿಗೆ ಮರಳಿದರೆ ಸುಮಾರು 250 ಕಿ.ಮೀ. ಆಗುತ್ತದೆ. ಇಲ್ಲಿನ ರಸ್ತೆಗಳಲ್ಲಿ ಅದು ಆರು ತಾಸಿನ ಓಟ. ಚಹಾ, ಊಟ ಕಳೆದರೆ ಉಳಿಯುವುದು ಮೂರು ತಾಸು. ಕೊಪ್ಪಳ ಮತ್ತು ನರಗುಂದದ ಎರಡು ಗುಡ್ಡ ಹತ್ತಿ ಇಳಿಯಲಿಕ್ಕೇ ಅಷ್ಟು ಬೇಕು.

ಹಾಗಾದರೆ ಟೂರ್ ಬೇಡವೇ? ಬೇಕು. ಈ ತಾಣಗಳಲ್ಲಿ ಒಬ್ಬ ತಿಳಿದವರು ಜೊತೆಗಿದ್ದರೆ ಮಾತ್ರ ಕಲ್ಲು ಮಾತಾಡುತ್ತದೆ. ಆದರೆ ನೀವು ಕೊಡುವ ದುಡ್ಡು ತಿಳಿದವರಿಗೆ ಹೋಗಬೇಕು, ಡೀಸೆಲ್‌ಗೆ ಅಲ್ಲ. ಹಾಗೆ ಆರಿಸಬೇಕೆಂದರೆ ಮೊದಲು ಇಲ್ಲಿ ನಡೆದದ್ದೇನು ಎಂದು ನಿಮಗೇ ಸ್ವಲ್ಪ ಗೊತ್ತಿರಬೇಕು.

ಆ ಹತ್ತು ದಿನಗಳಲ್ಲಿ ನಡೆದದ್ದು

1857ರ ದಂಗೆ ಎಂದರೆ ಮೀರತ್, ದೆಹಲಿ, ಝಾನ್ಸಿ ಎಂದು ಶಾಲೆಯಲ್ಲಿ ಓದಿದವರೇ ನಾವೆಲ್ಲ. ‘ದಕ್ಷಿಣದವರು ಸುಮ್ಮನಿದ್ದರು’ ಎಂಬ ಫಾರ್ವರ್ಡ್ ಹುಟ್ಟುವುದೂ ಅಲ್ಲಿಂದಲೇ. ಈ ಭಾಗದಲ್ಲಿ ಬೆಂಕಿ ಹತ್ತಿದ್ದು ಒಂದು ವರ್ಷ ತಡವಾಗಿ, 1858ರ ಮೇ ಕೊನೆಯ ವಾರದಲ್ಲಿ. ಹತ್ತು ದಿನದ ಆಸುಪಾಸಿನಲ್ಲಿ ಆರಿಯೂ ಹೋಯಿತು.

ಕಾರಣಗಳಲ್ಲಿ ದೊಡ್ಡದು ಆಯುಧ. ಉತ್ತರದ ದಂಗೆಗೆ ಹೆದರಿದ ಕಂಪನಿ ಸರ್ಕಾರ 1857ರಲ್ಲಿ ಜನರ ಕೈಯಲ್ಲಿದ್ದ ಆಯುಧಗಳನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಕಾನೂನು ತಂದಿತು. ಮುಧೋಳ ಹತ್ತಿರದ ಹಲಗಲಿಯ ಬೇಡರು ಅದೇ ವರ್ಷ ನವೆಂಬರಿನಲ್ಲಿ ಸೆಟೆದು ನಿಂತದ್ದು ಇದಕ್ಕಾಗಿಯೇ. ಅವರ ಮೇಲಿನ ಲಾವಣಿಯನ್ನು ಮುಂದೆ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಪ್ರಕಟಿಸಿದ. ನರಗುಂದದಲ್ಲಿ ಇನ್ನೊಂದು ಗಾಯವೂ ಇತ್ತು. ಅಲ್ಲಿನ ದೊರೆ ಭಾಸ್ಕರರಾವ್ ಭಾವೆ, ಜನ ಕರೆಯುವ ಹೆಸರಿನಲ್ಲಿ ಬಾಬಾಸಾಹೇಬರು, ಮಗನನ್ನು ದತ್ತು ತೆಗೆದುಕೊಳ್ಳಲು ಕೇಳಿದ್ದ ಅನುಮತಿಯನ್ನು ಕಂಪನಿ ಕೊಟ್ಟಿರಲಿಲ್ಲ. ವಾರಸುದಾರನಿಲ್ಲದ ಸಂಸ್ಥಾನದ ಗತಿ ಏನೆಂದು ಎಲ್ಲರಿಗೂ ಗೊತ್ತಿತ್ತು.

ಮುಂಡರಗಿಯ ಭೀಮರಾಯರು ಸರ್ಕಾರಿ ನೌಕರಿ ಮಾಡಿ, ಅದನ್ನು ಕಳೆದುಕೊಂಡವರು. ಮೇ ಕೊನೆಯ ವಾರ ತುಂಗಭದ್ರೆಯ ದಡದ ಹಮ್ಮಿಗಿಯಲ್ಲಿ ಸರ್ಕಾರ ಮುಟ್ಟುಗೋಲು ಹಾಕಿ ಕಾವಲಿಟ್ಟಿದ್ದ ಆಯುಧಗಳನ್ನು ಅವರ ಕಡೆಯವರು ವಶಪಡಿಸಿಕೊಂಡರು. ಜೊತೆಗೆ ಹಮ್ಮಿಗಿಯ ಕೆಂಚನಗೌಡರಿದ್ದರು. ಅಲ್ಲಿಂದ ಡಂಬಳದ ಖಜಾನೆ ಲೂಟಿಯಾಯಿತು. ಆಮೇಲೆ ದಂಡು ನಿಜಾಮನ ಸೀಮೆಗೆ ದಾಟಿ ಕೊಪ್ಪಳದ ಕೋಟೆ ಹಿಡಿಯಿತು.

ಅದೇ ಹೊತ್ತಿಗೆ ಉತ್ತರದಲ್ಲಿ ಇನ್ನೊಂದು ಘಟನೆ. ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟ್ ಆಗಿದ್ದ ಚಾರ್ಲ್ಸ್ ಮ್ಯಾನ್ಸನ್ ಮೇ 29ರ ರಾತ್ರಿ ರಾಮದುರ್ಗ ಸಮೀಪದ ಸುರೇಬಾನದಲ್ಲಿ ತಂಗಿದ್ದಾಗ ನರಗುಂದದವರು ಅವನನ್ನು ಕೊಂದರು. ರುಂಡವನ್ನು ನರಗುಂದಕ್ಕೆ ತಂದು ಊರಬಾಗಿಲಿಗೆ ತೂಗುಹಾಕಿದರು. ಆ ಬಾಗಿಲನ್ನು ಜನ ಇಂದಿಗೂ ಕೆಂಪಗಸಿ ಎನ್ನುತ್ತಾರೆ.

ಜೂನ್ 1ರಂದು ಎರಡು ಕಡೆ ಏಕಕಾಲಕ್ಕೆ ಕಾಳಗ ನಡೆಯಿತು. ಕೊಪ್ಪಳದ ಕೋಟೆಗೆ ಮೇಜರ್ ಹ್ಯೂಸ್‌ನ ಪಡೆ ನುಗ್ಗಿತು. ಭೀಮರಾಯರೂ ಕೆಂಚನಗೌಡರೂ ಅಲ್ಲೇ ಹೋರಾಡುತ್ತ ಮಡಿದರು. ಸೆರೆಸಿಕ್ಕವರಲ್ಲಿ ಹಲವರಿಗೆ ಮರಣದಂಡನೆಯಾಯಿತು. ಅದೇ ದಿನ ಕರ್ನಲ್ ಮಾಲ್ಕಮ್‌ನ ಸೈನ್ಯ ನರಗುಂದದ ಮುಂದೆ ಬಂದು ನಿಂತಿತು. ಮರುದಿನ ಕೋಟೆ ಕಂಪನಿ ವಶವಾಯಿತು. ತಪ್ಪಿಸಿಕೊಂಡಿದ್ದ ಬಾಬಾಸಾಹೇಬರು ಕಾಡಿನಲ್ಲಿ ಸೆರೆಸಿಕ್ಕರು, ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಅವರ ಹೆಂಡತಿ ಮತ್ತು ತಾಯಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟಿದ್ದರು.

ಈಗ ನಕ್ಷೆ ನೋಡಿ. ಹಮ್ಮಿಗಿ ಮತ್ತು ಡಂಬಳ ಇಂದಿನ ಗದಗ ಜಿಲ್ಲೆಯಲ್ಲಿವೆ, ಕೊಪ್ಪಳ ಬೇರೆ ಜಿಲ್ಲೆ, ಸುರೇಬಾನ ಬೆಳಗಾವಿ ಜಿಲ್ಲೆ. ಆಗಲೂ ಹಾಗೆಯೇ ಇತ್ತು. ಧಾರವಾಡ ಜಿಲ್ಲೆ ಕಂಪನಿಯದು, ಕೊಪ್ಪಳ ನಿಜಾಮನದು, ಶಿರಹಟ್ಟಿ ಸಾಂಗಲಿಯ ಪಟವರ್ಧನರದು, ಲಕ್ಷ್ಮೇಶ್ವರ ಮೀರಜಿನ ಪಟವರ್ಧನರದು, ನರಗುಂದ ತನ್ನದೇ ಸಂಸ್ಥಾನ. ಒಂದು ದಿನದ ನಡಿಗೆಯಲ್ಲಿ ಮೂರು ಸರ್ಕಾರ ದಾಟಬಹುದಿತ್ತು. ‘ಗದಗ ಜಿಲ್ಲಾ ಟೂರ್’ ಎಂಬ ಹೆಸರಿನಲ್ಲಿ ಈ ಕಥೆ ಪೂರ್ತಿ ಹಿಡಿಸುವುದಿಲ್ಲ. ಕೊಪ್ಪಳವನ್ನು ಬಿಟ್ಟು ಮುಂಡರಗಿ ಭೀಮರಾಯರ ಟೂರ್ ಮಾಡಿಸುತ್ತೇವೆ ಎನ್ನುವವರು ಕಥೆಯ ಕೊನೆಯನ್ನೇ ಬಿಡುತ್ತಿದ್ದಾರೆ.

ಬಸ್ಸಿನಲ್ಲಿ ಹೋಗುವುದು ಹೇಗೆ?

ನಮ್ಮ ಸಲಹೆ ಇಷ್ಟು. ಗದಗ-ಬೆಟಗೇರಿಯಲ್ಲಿ ವಸತಿ ಮಾಡಿ, ಒಂದೊಂದು ದಿನಕ್ಕೆ ಒಂದೊಂದು ದಿಕ್ಕು ಹಿಡಿಯಿರಿ. ಹುಬ್ಬಳ್ಳಿ–ಗುಂತಕಲ್ ರೈಲು ಮಾರ್ಗದಲ್ಲಿ ಗದಗ ಜಂಕ್ಷನ್. ಸೊಲ್ಲಾಪುರದ ಕಡೆಯ ಮಾರ್ಗವೂ ಇಲ್ಲಿಂದಲೇ ಕವಲೊಡೆಯುತ್ತದೆ. ಹಾಗಾಗಿ ಹೊರಗಿನಿಂದ ಬರುವವರಿಗೂ ತೊಂದರೆ ಇಲ್ಲ.

ಒಂದು ದಿನ ಮುಂಡರಗಿ ದಿಕ್ಕು. ಡಂಬಳ ಗದಗಿನಿಂದ ಸುಮಾರು 20 ಕಿ.ಮೀ., ಮುಂಡರಗಿ ಅದೇ ದಾರಿಯಲ್ಲಿ ಸುಮಾರು ಅಷ್ಟೇ ಮುಂದೆ. ಬೆಳಿಗ್ಗೆ ಡಂಬಳದಲ್ಲಿ ಇಳಿದು, ನೋಡಿ, ಮುಂದಿನ ಬಸ್ಸಿಗೆ ಮುಂಡರಗಿ ಹಿಡಿಯಬಹುದು. ಡಂಬಳದ ದೊಡ್ಡಬಸಪ್ಪನ ಗುಡಿ ನಕ್ಷತ್ರದಂತೆ ಅನೇಕ ಮೂಲೆಗಳಿರುವ ತಳವಿನ್ಯಾಸಕ್ಕೆ ಹೆಸರಾದದ್ದು. ಹೆಚ್ಚಿನ ಟೂರ್‌ಗಳು ಅಲ್ಲಿ ಫೋಟೊ ತೆಗೆಸಿ ಹೊರಟುಬಿಡುತ್ತವೆ. ಯುದ್ಧದ ಕಥೆ ಕೇಳಲು ಬಂದಿದ್ದೇವೆ, ಖಜಾನೆ ಲೂಟಿಯಾದ ಊರಿನ ಕೋಟೆ ಭಾಗ ತೋರಿಸಿ ಎಂದು ಬಾಯಿಬಿಟ್ಟು ಕೇಳಬೇಕು. ಹಮ್ಮಿಗಿಗೆ ಮುಂಡರಗಿಯಿಂದ ಹೋಗಬೇಕು. ಈಗ ಅಲ್ಲಿ ಕಣ್ಣಿಗೆ ಮೊದಲು ಬೀಳುವುದು ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್.

ಇಲ್ಲಿ ಒಂದು ಎಚ್ಚರಿಕೆ. ಮೊಬೈಲ್ ಮ್ಯಾಪ್ ಹೇಳದ ಮಾತಿದು. ಹಳ್ಳಿಗಳಿಗೆ ಸಂಜೆ ಹೋಗುವ ಕೊನೆಯ ಬಸ್ಸು ಬಹಳ ಸಲ ವಸ್ತಿ ಬಸ್ಸಾಗಿರುತ್ತದೆ. ಅದು ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡುತ್ತದೆ. ‘ಏಳು ಗಂಟೆಗೆ ಬಸ್ ಐತ್ರಿ’ ಎಂದು ಯಾರೋ ಹೇಳಿದ್ದನ್ನು ನಂಬಿ ಕೂತರೆ, ಬಂದ ಬಸ್ಸಿನ ಕಂಡಕ್ಟರ್ ಇಳಿದು ಹಾಸಿಗೆ ಬಿಚ್ಚುತ್ತಾನೆ. ಹೋಗುವಾಗಲೇ ತಾಲ್ಲೂಕಿನ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಕೇಳಬೇಕಾದ ಪ್ರಶ್ನೆ, ‘ಆ ಊರಿಂದ ಹೊಳ್ಳಿ ಬರೋ ಲಾಸ್ಟ್ ಬಸ್ ಎಷ್ಟಕ್ಕರಿ?’ ಅವರ ಉತ್ತರಕ್ಕಿಂತ ಒಂದು ಬಸ್ ಮುಂಚೆ ಹೊರಡುವುದು ಕ್ಷೇಮ. ಗದಗಿನಲ್ಲಿ ಹೊಸದು, ಹಳೇದು ಎಂದು ಎರಡು ಬಸ್ ಸ್ಟ್ಯಾಂಡ್ ಇವೆ. ನಿಮ್ಮ ಬಸ್ ಎಲ್ಲಿಂದ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ.

ಇನ್ನೊಂದು ದಿನ ಕೊಪ್ಪಳ. ಗದಗಿನಿಂದ 60 ಕಿ.ಮೀ. ಒಳಗೆ, ರೈಲಿನಲ್ಲಿ ಹೋಗುವುದೇ ಸುಖ. ನಿಲ್ದಾಣದಿಂದ ಕೋಟೆಯ ಬುಡಕ್ಕೆ ಆಟೋ ಸಿಗುತ್ತದೆ. ಈ ಕೋಟೆ 1858ಕ್ಕೂ ಮೊದಲು ದೊಡ್ಡ ಮುತ್ತಿಗೆ ಕಂಡದ್ದು. ಮೂರನೆಯ ಮೈಸೂರು ಯುದ್ಧದಲ್ಲಿ, 1790–91ರಲ್ಲಿ, ಕಂಪನಿ ಮತ್ತು ನಿಜಾಮನ ಸೈನ್ಯಗಳು ಇದನ್ನು ಸುಮಾರು ಆರು ತಿಂಗಳು ಮುತ್ತಿದ್ದವು. ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಎಂಜಿನಿಯರ್‌ಗಳ ನೆರವಿನಿಂದ ಬಲಪಡಿಸಿದ ಕೋಟೆ ಅದು. ಅಂಥ ಕೋಟೆಯನ್ನು ಭೀಮರಾಯರ ಕಡೆಯವರು ಹಿಡಿದಿಟ್ಟುಕೊಂಡದ್ದು ಕೆಲವೇ ದಿನ. ಯಾಕೆ? ಒಳ್ಳೆಯ ಮಾರ್ಗದರ್ಶಿಗೆ ಕೇಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಸಮಯ ಉಳಿದರೆ ಗವಿಮಠದ ಹತ್ತಿರದ ಅಶೋಕನ ಶಾಸನ ನೋಡಿ.

ನರಗುಂದಕ್ಕೆ ಮತ್ತೊಂದು ದಿನ ಬೇಕು. ಗದಗಿನಿಂದ 50 ಕಿ.ಮೀ. ಆಸುಪಾಸು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವುದರಿಂದ ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಬಸ್ಸಿನ ಕೊರತೆ ಇಲ್ಲ. ಗುಡ್ಡದ ಮೇಲೆ ಕೋಟೆ, ಬುಡದಲ್ಲಿ ಊರು. ಮೇ ಕೊನೆ, ಜೂನ್ ಮೊದಲ ವಾರ, ಅಂದರೆ ಕಾಳಗದ ವಾರ್ಷಿಕದ ದಿನಗಳಲ್ಲೇ ಹತ್ತಬೇಕು ಎಂಬ ಆಸೆಯಿದ್ದರೆ ಬೆಳಿಗ್ಗೆ ಒಂಬತ್ತರೊಳಗೆ ಇಳಿದುಬಿಡುವಂತೆ ಹೊರಡಿ. ಮಧ್ಯಾಹ್ನ ಹನ್ನೆರಡಕ್ಕೆ ಗುಡ್ಡದ ಬುಡಕ್ಕೆ ತಂದು ಇಳಿಸುವ ಟೂರ್ ಎಷ್ಟೇ ಅಗ್ಗವಿದ್ದರೂ ವಯಸ್ಸಾದವರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಮಕ್ಕಳು ಇರುವ ಗುಂಪಿಗೆ ಅದು ಸಲ್ಲದು. ತಲೆ ಸುತ್ತು, ವಾಂತಿ ಬಂದಂತಾಗುವುದು, ಮಾತು ತೊದಲುವುದು ಬಿಸಿಲಿನ ಹೊಡೆತದ ಲಕ್ಷಣ. ನೆರಳಿಗೆ ಕರೆದೊಯ್ದು, ಮೈ ಒದ್ದೆ ಮಾಡಿ ಗಾಳಿ ಹಾಕಿ, ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬೇಕು.

ಖರ್ಚಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಎಸಿ ಬಸ್ಸುಗಳಿಗೆ ಅನ್ವಯಿಸದು. ‘ಮಹಿಳೆಯರಿಗೆ ಟೂರ್‌ನಲ್ಲಿ ವಿಶೇಷ ರಿಯಾಯಿತಿ’ ಎಂದು ಹಾಕಿ, ಸರ್ಕಾರಿ ಬಸ್ಸಿನಲ್ಲೇ ಕರೆದೊಯ್ದು ಬಸ್ ಚಾರ್ಜ್ ಸೇರಿಸಿ ವಸೂಲಿ ಮಾಡುವವರಿದ್ದರೆ ಅದು ರಿಯಾಯಿತಿಯಲ್ಲ. ಶಾಲೆಯ ಗುಂಪಾಗಿದ್ದರೆ ಲೆಕ್ಕ ಬೇರೆ. ಸಾರಿಗೆ ಸಂಸ್ಥೆ ಮದುವೆ, ಪ್ರವಾಸಕ್ಕೆ ಒಪ್ಪಂದದ ಮೇಲೆ ಇಡೀ ಬಸ್ ಕೊಡುತ್ತದೆ. ಹತ್ತಿರದ ಡಿಪೋದಲ್ಲಿ ದರ ಕೇಳಿ, ಮಕ್ಕಳ ಸಂಖ್ಯೆಯಿಂದ ಭಾಗಿಸಿ ನೋಡಿ.

ಮಾರ್ಗದರ್ಶಿಗೆ ಗೊತ್ತಿದೆಯೇ ಎಂದು ತಿಳಿಯುವುದು ಹೇಗೆ?

ಹಂಪಿ, ಬಾದಾಮಿಯಲ್ಲಿ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಮಾರ್ಗದರ್ಶಿಗಳು ಸಿಗುತ್ತಾರೆ. ಮುಂಡರಗಿ, ಹಮ್ಮಿಗಿಯಲ್ಲಿ ಹಾಗೆ ಯಾರೂ ಕಾದು ಕುಳಿತಿರುವುದಿಲ್ಲ. ಇಲ್ಲಿ ಕಥೆ ಗೊತ್ತಿರುವವರು ನಿವೃತ್ತ ಮಾಸ್ತರರು, ಕಾಲೇಜಿನ ಇತಿಹಾಸದ ಅಧ್ಯಾಪಕರು, ಲಾವಣಿ ಹಾಡುವ ಮನೆತನದವರು. ಅವರನ್ನು ಹುಡುಕಲು ಗದಗಿನ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿ, ಆಯಾ ತಾಲ್ಲೂಕಿನ ಕನ್ನಡ ಸಾಹಿತ್ಯ ಪರಿಷತ್ತಿನ ಘಟಕ, ಪದವಿ ಕಾಲೇಜಿನ ಇತಿಹಾಸ ವಿಭಾಗ, ಈ ಮೂರರಲ್ಲಿ ಒಂದಕ್ಕೆ ವಾರ ಮೊದಲೇ ಫೋನ್ ಮಾಡಿದರೆ ಸಾಕು. ಸಿಕ್ಕವರಿಗೆ ಶಾಲು ಹೊದಿಸಿ, ಒಂದು ಸೆಲ್ಫಿ ತೆಗೆದುಕೊಂಡು ಕಳಿಸಬೇಡಿ. ಒಂದು ದಿನದ ಸಂಭಾವನೆ ಎಂದು ಮೊದಲೇ ಮಾತಾಡಿಕೊಂಡು ದುಡ್ಡು ಕೊಡಿ. ಬಾಡಿಗೆ ಗಾಡಿಗೆ ಸಾವಿರಗಟ್ಟಲೆ ಕೊಡುವ ನಾವು ಕಥೆ ಹೇಳುವವರಿಗೆ ಚಹಾ ಕುಡಿಸಿ ಕೈತೊಳೆದುಕೊಳ್ಳುವುದು ಹಳೆಯ ಚಾಳಿ.

ಟೂರ್ ಕಂಪನಿಯವರೇ ಮಾರ್ಗದರ್ಶಿಯನ್ನು ಕೊಡುತ್ತಾರೆಂದರೆ, ಬುಕ್ ಮಾಡುವ ಮುನ್ನ ಆ ವ್ಯಕ್ತಿಯೊಡನೆ ಐದು ನಿಮಿಷ ಫೋನಿನಲ್ಲಿ ಮಾತಾಡಿಸಿ ಎಂದು ಕೇಳಿ. ಮೂರು ಸಾದಾ ಪ್ರಶ್ನೆ ಸಾಕು. ಭೀಮರಾಯರು ಮಡಿದದ್ದು ಎಲ್ಲಿ? ಮುಂಡರಗಿಯಲ್ಲಿ ಎಂದರೆ ತಪ್ಪು, ಕೊಪ್ಪಳದಲ್ಲಿ. ಬಾಬಾಸಾಹೇಬರು? ನರಗುಂದದ ಕೋಟೆಯ ಮೇಲೆ ಕತ್ತಿ ಹಿಡಿದು ಎಂದು ಸಿನಿಮಾ ಶೈಲಿಯಲ್ಲಿ ಹೇಳಿದರೆ ತಪ್ಪು, ಬೆಳಗಾವಿಯ ಗಲ್ಲಿನಲ್ಲಿ. ನರಗುಂದದ ಬಾಗಿಲಿಗೆ ತೂಗಿದ್ದು ಯಾರ ರುಂಡ? ಥ್ಯಾಕರೆ ಎಂದರೆ ಫೋನ್ ಇಡಬಹುದು. ಥ್ಯಾಕರೆ ಕಿತ್ತೂರಿನ ಕಾಳಗದಲ್ಲಿ, 1824ರ ಅಕ್ಟೋಬರ್ 23ರಂದು ಸತ್ತವನು. ಮ್ಯಾನ್ಸನ್‌ಗೂ ಅವನಿಗೂ 34 ವರ್ಷದ ಅಂತರ. ಈ ಇಬ್ಬರನ್ನು ಬೆರೆಸಿದ ಫಾರ್ವರ್ಡ್‌ಗಳಿಗೆ ಲೆಕ್ಕವಿಲ್ಲ. ರಾಯಣ್ಣ, ಚೆನ್ನಮ್ಮ, ಬಾಬಾಸಾಹೇಬ ಎಲ್ಲರೂ ಒಂದೇ ಯುದ್ಧದಲ್ಲಿದ್ದಂತೆ ಬರೆದಿರುತ್ತಾರೆ.

ಇನ್ನೊಂದು ಗುರುತಿದೆ, ಅದು ಸ್ವಲ್ಪ ಸೂಕ್ಷ್ಮ. ಸತ್ತವರ ಸಂಖ್ಯೆ, ಸಂಭಾಷಣೆ, ಬಾಬಾಸಾಹೇಬರು ಕೊನೆಗೆ ಆಡಿದ ಮಾತು ಎಲ್ಲವನ್ನೂ ಪಕ್ಕದಲ್ಲಿ ನಿಂತು ಕೇಳಿದವರಂತೆ ಹೇಳುವ ಮಾರ್ಗದರ್ಶಿಗಿಂತ, ‘ಇದು ಕಂಪನಿಯ ದಾಖಲೆಯಲ್ಲಿದೆ, ಇದು ಲಾವಣಿಯಲ್ಲಿದೆ, ಇದು ನಮ್ಮ ಅಜ್ಜ ಹೇಳಿದ್ದು’ ಎಂದು ಬಿಡಿಸಿ ಹೇಳುವವರು ಮೇಲು. ಲಾವಣಿ ಸುಳ್ಳು, ದಾಖಲೆ ಸತ್ಯ ಎಂದು ನಾವು ಹೇಳುತ್ತಿಲ್ಲ. ಕಂಪನಿಯ ದಾಖಲೆ ಗೆದ್ದವರು ಬರೆದದ್ದು. ಅದರಲ್ಲಿ ಮ್ಯಾನ್ಸನ್‌ನ ಹುದ್ದೆ ಸಹಿತ ಎಲ್ಲ ವಿವರ ಸಿಗುತ್ತದೆ, ಕೊಪ್ಪಳದ ಕೋಟೆಯಲ್ಲಿ ಭೀಮರಾಯರ ಪಕ್ಕ ನಿಂತು ಸತ್ತ ಸಾಮಾನ್ಯನ ಹೆಸರು ಸಿಗುವುದು ಕಷ್ಟ. ಆ ಹೆಸರುಗಳು ಎಲ್ಲಾದರೂ ಉಳಿದಿದ್ದರೆ ಹಾಡಿನಲ್ಲಿ, ಮನೆತನದ ನೆನಪಿನಲ್ಲಿ ಉಳಿದಿರಬೇಕು. ಅದಕ್ಕೇ ಯಾವುದು ಎಲ್ಲಿಂದ ಬಂದದ್ದು ಎಂಬುದು ಮುಖ್ಯ. ಹೊಸದಾಗಿ ಕಟ್ಟಿದ ಫಾರ್ವರ್ಡ್ ಅದರೊಳಗೆ ಸೇರಿಕೊಂಡರೆ ಇನ್ನೊಂದು ತಲೆಮಾರಿನ ಹೊತ್ತಿಗೆ ಅಜ್ಜನ ಮಾತು ಯಾವುದು, ವಾಟ್ಸಾಪಿನ ಮಾತು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ.

‘ನೆಪೋಲಿಯನ್‌ನನ್ನು ಸೋಲಿಸಿದವನು ಡಂಬಳದಲ್ಲಿ ಯುದ್ಧ ಮಾಡಿದ್ದ’: ಇದು ನಿಜವೇ?

ನಿಜ. ಸುಳ್ಳು ಫಾರ್ವರ್ಡ್‌ನಂತೆ ಕೇಳಿಸುವ ನಿಜ. ಟಿಪ್ಪು 1799ರಲ್ಲಿ ಮಡಿದ ಮೇಲೆ ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾದ ಧೋಂಡಿಯಾ ವಾಘ್ ಎಂಬ ಸಾಹಸಿ ದಂಡು ಕಟ್ಟಿಕೊಂಡು ಈ ಸೀಮೆಯನ್ನೆಲ್ಲ ನಡುಗಿಸಿದ. ತನ್ನನ್ನು ಎರಡು ಲೋಕಗಳ ಒಡೆಯ ಎಂದು ಕರೆದುಕೊಂಡ. ಅವನ ಬೆನ್ನು ಹತ್ತಿ ಬಂದವನು ಆರ್ಥರ್ ವೆಲ್ಲೆಸ್ಲಿ, 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕ್.

1800ರ ಜುಲೈ ನಡುವೆ ವೆಲ್ಲೆಸ್ಲಿ ಕುಂದಗೋಳವನ್ನು ಹಿಡಿದು ಲಕ್ಷ್ಮೇಶ್ವರಕ್ಕೆ ಬಂದ. ಅದರಿಂದ ಧೋಂಡಿಯಾನ ಕಡೆಯವರು ಶಿರಹಟ್ಟಿಗೆ ಹಾಕಿದ್ದ ಮುತ್ತಿಗೆ ತೆರವಾಯಿತು. ಜುಲೈ 26ರಂದು ಡಂಬಳದ ಕೋಟೆಯ ಮೇಲೆ ದಾಳಿ ಮಾಡಿ ಗೆದ್ದ. ಗದಗಿಗೆ ಬರುವ ಹೊತ್ತಿಗೆ ಅಲ್ಲಿದ್ದವರು ಊರು ಬಿಟ್ಟು ಹೋಗಿದ್ದರು. ಸೆಪ್ಟೆಂಬರ್ 10ರಂದು ಕೃಷ್ಣೆ, ತುಂಗಭದ್ರೆಗಳ ನಡುವಿನ ಬಯಲಿನಲ್ಲಿ ಧೋಂಡಿಯಾ ಹತನಾದ. ಸಾಮಾನು ಸರಂಜಾಮಿನ ನಡುವೆ ಸಿಕ್ಕ ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕಿದ, ಭಾರತ ಬಿಡುವಾಗ ಅವನ ಪಾಲನೆಗೆ ಹಣ ಇಟ್ಟು ಹೋದ.

ವೆಲ್ಲೆಸ್ಲಿಯ ಕಾಗದಪತ್ರಗಳಲ್ಲಿ ಡಂಬಳ ‘ಡಮ್ಮುಲ್’ ಆಗಿದೆ, ಅದಕ್ಕೇ ಇಂಟರ್ನೆಟ್ಟಿನಲ್ಲಿ ಹುಡುಕುವವರಿಗೆ ಸುಲಭವಾಗಿ ಸಿಗುವುದಿಲ್ಲ. 18 ವರ್ಷದ ಮೇಲೆ, 1818ರ ಜನವರಿಯಲ್ಲಿ, ಪೇಶ್ವೆಯ ವಿರುದ್ಧದ ಯುದ್ಧದಲ್ಲಿ ಥಾಮಸ್ ಮನ್ರೋ ಗದಗ, ಡಂಬಳ ಎರಡನ್ನೂ ಗೆದ್ದ. ಅಂದರೆ ಡಂಬಳದಂಥ ಸಣ್ಣ ಊರು 60 ವರ್ಷದೊಳಗೆ ಮೂರು ಸಲ ದಂಡು ಕಂಡಿದೆ. ‘ಯುದ್ಧದ ತಾಣ’ ಎಂದರೆ 1858 ಮಾತ್ರ ಎಂದುಕೊಂಡ ಟೂರ್ ಇದನ್ನೆಲ್ಲ ಹೇಳುವುದಿಲ್ಲ.

ಶಿರಹಟ್ಟಿ ಮತ್ತು ಲಕ್ಷ್ಮೇಶ್ವರವನ್ನು ಸೇರಿಸಿ ಒಂದು ದಿನ ಇಡಬಹುದು. ಎರಡೂ ಅಕ್ಕಪಕ್ಕದ ಊರು, ನಡುವೆ ಬಸ್ಸು, ಟಂಟಂ ಓಡಾಡುತ್ತಲೇ ಇರುತ್ತವೆ. ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ, ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ ನೋಡದೆ ಯಾರೂ ಬರುವುದಿಲ್ಲ. ಯುದ್ಧದ ಕುರುಹು ಹುಡುಕಿ ಹೋಗುವವರು ಇಲ್ಲಿ ಬಹಳ ನಿರೀಕ್ಷೆ ಇಟ್ಟುಕೊಳ್ಳಬಾರದು. ಕಥೆ ದೊಡ್ಡದು, ಕಣ್ಣಿಗೆ ಕಾಣುವುದು ಕಡಿಮೆ.

ಕೋಟೆಯ ಸುರಂಗ: ದುಡ್ಡು ಕೊಟ್ಟು ಇಳಿಯಬೇಡಿ

ಪ್ರತಿ ಕೋಟೆಗೂ ಒಂದು ಸುರಂಗದ ಕಥೆ ಇದ್ದೇ ಇರುತ್ತದೆ. ಕೊಪ್ಪಳದಿಂದ ಗದಗಿಗೆ, ನರಗುಂದದಿಂದ ವಿಜಯಪುರಕ್ಕೆ ಎಂದೆಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ಕೊಪ್ಪಳದಿಂದ ಗದಗಿಗೆ ನೇರ ಗೆರೆಯಲ್ಲಿ 50 ಕಿ.ಮೀ. ಎಂದು ಹಿಡಿಯಿರಿ. ಒಬ್ಬ ಮನುಷ್ಯ ನಡೆಯುವಷ್ಟು, ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರ ಕೊರೆದರೂ ಒಂದು ಲಕ್ಷ ಘನ ಮೀಟರ್ ಕಲ್ಲು ಮಣ್ಣು ಹೊರಗೆ ಬರುತ್ತದೆ. ಇಂದಿನ ಟಿಪ್ಪರ್ ಒಂದಕ್ಕೆ ಹತ್ತು ಘನ ಮೀಟರ್ ತುಂಬಿದರೆ 10 ಸಾವಿರ ಲೋಡ್. ಅಷ್ಟು ಕಲ್ಲಿನ ರಾಶಿ ಎಲ್ಲಿ ಹೋಯಿತು? ಕೊಪ್ಪಳದ್ದು ಗಟ್ಟಿ ಗ್ರಾನೈಟ್, ಡೈನಮೈಟ್ ಬಂದದ್ದು 1867ರಲ್ಲಿ. ಗಾಳಿಗಿಂಡಿ ಇಲ್ಲದೆ ಅಷ್ಟು ದೂರ ನಡೆಯುವವನಿಗೆ ಉಸಿರಾಡಲು ಗಾಳಿಯೂ ಇರುವುದಿಲ್ಲ.

ಹಾಗಾದರೆ ಆ ಕತ್ತಲ ಬಾಯಿಗಳು ಏನು? ಬಹುತೇಕ ನೀರಿನ ತೊಟ್ಟಿ, ಮದ್ದುಗುಂಡಿನ ಕೋಣೆ, ಮುತ್ತಿಗೆಯ ಹೊತ್ತಿನಲ್ಲಿ ನುಸುಳುವ ದಿಡ್ಡಿ ಬಾಗಿಲು, ಇಲ್ಲವೇ ಕಾಳು ತುಂಬಿಡುವ ಹಗೇವು. ನಮ್ಮ ಕಡೆಯ ಹಿರಿಯರಿಗೆ ಹಗೇವಿನ ಅಪಾಯ ಚೆನ್ನಾಗಿ ಗೊತ್ತು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತಲೇ ಇರುತ್ತದೆ, ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಬಾಯಿ ತೆರೆದ ಕೂಡಲೇ ಇಳಿದವರು ಎಚ್ಚರ ತಪ್ಪಿ ಬೀಳುತ್ತಾರೆ, ಎತ್ತಲು ಇಳಿದ ಎರಡನೆಯವರೂ ಬೀಳುತ್ತಾರೆ. ಕಾಳಿಲ್ಲದ ಹಳೆಯ ಗುಂಡಿಯಲ್ಲೂ ಕೊಳೆಯುವ ಎಲೆ, ಬಾವಲಿ ಹಿಕ್ಕೆಯಿಂದ ಇದೇ ಸ್ಥಿತಿ ಬರಬಹುದು. ಕಂದೀಲು ಇಳಿಬಿಟ್ಟು ನೋಡುವುದು ಹಳೆಯ ಪದ್ಧತಿ. ಅದು ಆರಿದರೆ ಅಪಾಯ ಖಚಿತ, ಆದರೆ ಉರಿಯುತ್ತಿದ್ದರೆ ಸುರಕ್ಷಿತ ಎಂದು ಹೇಳಲಾಗದು. ‘ಸುರಂಗದೊಳಗೆ ಇಳಿಸುತ್ತೇವೆ, ಎಕ್ಸ್‌ಟ್ರಾ ಚಾರ್ಜ್’ ಎನ್ನುವ ಟೂರ್ ಇದ್ದರೆ ಬಾಯಲ್ಲೇ ಬೇಡವೆನ್ನಿ.

ದುಡ್ಡು, ನಂಬರ್ ಪ್ಲೇಟ್

ಕೊನೆಗೆ ಗಾಡಿಯಲ್ಲೇ ಹೋಗುವ ಟೂರ್ ಆರಿಸಿದಿರಿ ಎಂದುಕೊಳ್ಳಿ. ಬರುವ ಗಾಡಿಯ ನಂಬರ್ ಪ್ಲೇಟ್ ನೋಡಿ. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರವಿದ್ದರೆ ಬಾಡಿಗೆಗೆ ಓಡಿಸಲು ಪರವಾನಗಿ ಇರುವ ಗಾಡಿ. ಬಿಳಿ ಹಲಗೆ ಸ್ವಂತ ಬಳಕೆಯದು. ಬಿಳಿ ಹಲಗೆಯ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೂ ವಿಮೆಯ ಷರತ್ತಿಗೂ ವಿರುದ್ಧ. ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯಲು ಅದೊಂದೇ ಕಾರಣ ಸಾಕು. ಕ್ರೂಸರ್‌ನಲ್ಲಿ ಸೀಟಿಗಿಂತ ಹೆಚ್ಚು ಜನ ತುಂಬಿದರೂ ಅಷ್ಟೇ.

ಅಡ್ವಾನ್ಸ್ ಕೇಳಿದರೆ ಸ್ವಲ್ಪ ಕೊಡಿ, ಪೂರ್ತಿ ಬೇಡ. ಎಷ್ಟು ತಾಣ, ಪ್ರತಿ ತಾಣದಲ್ಲಿ ಎಷ್ಟು ಹೊತ್ತು, ಮಾರ್ಗದರ್ಶಿ ಯಾರು, ಊಟ ಸೇರಿದೆಯೇ ಎಂಬುದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಟೂರ್ ರದ್ದಾಯಿತು, ದುಡ್ಡು ವಾಪಸ್ ಹಾಕುತ್ತೇವೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೆ ಅದು ಮೋಸ. ದುಡ್ಡು ಬರಲು ಪಿನ್ ಒತ್ತಬೇಕಿಲ್ಲ. ಒತ್ತಿದರೆ ನಿಮ್ಮ ಖಾತೆಯಿಂದ ಹೋಗುತ್ತದೆ. ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಗದಗಿನಲ್ಲಿ ರೈಲಿಗೆ ಇನ್ನೂ ಎರಡು ತಾಸು ಇದೆ, ದುಡ್ಡೂ ಮುಗಿದಿದೆ ಎನ್ನುವವರಿಗೆ ಒಂದು ಜಾಗ ಉಳಿದಿದೆ. ಆಟೋ ಹಿಡಿದು ಬೆಟಗೇರಿಯ ವೀರಗಲ್ಲುಗಳ ಹತ್ತಿರ ಹೋಗಿ. 1858ಕ್ಕಿಂತ ನೂರಾರು ವರ್ಷ ಹಿಂದಿನ ಕಲ್ಲುಗಳಿವು. ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಬುಡದ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ತುದಿಯಲ್ಲಿ ಅವನು ದೇವರ ಮುಂದೆ ಕೂತಿರುವುದು. ಸತ್ತವನು ದೊರೆಯೇ ಆಗಬೇಕಿರಲಿಲ್ಲ. ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನಿಗೂ ಊರು ಕಲ್ಲು ನಿಲ್ಲಿಸುತ್ತಿತ್ತು.